22,700 ಅನ್ನುವ ಅಂಕಿಯನ್ನು ಮೊದಲು ಯಾರಿಗೆ ಹೇಳಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮೂರು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಪುಣೆಯಲ್ಲಿ ಬಿಬಿಎ ಎರಡನೇ ವರ್ಷ ಓದುತ್ತಿದ್ದೇನೆ. ಅಪ್ಪನದು ನಾಲ್ಕು ಎಕರೆ ದ್ರಾಕ್ಷಿ ತೋಟ. ತಿಂಗಳಿಗೆ 16,000 ಕಳಿಸುತ್ತಾರೆ. ಕಾಟ್ ಬೇಸಿಸ್ ರೂಮಿಗೆ (ಹಂಚಿಕೊಂಡ ರೂಮಿನಲ್ಲಿ ಒಂದು ಮಂಚ) 7,000, ಮೆಸ್ಸಿಗೆ 3,600 ಹೋಗುತ್ತದೆ. ಉಳಿದದ್ದು ನನ್ನ ಖರ್ಚಿಗೆ. ಕ್ಲಾಸಿನ ಒಬ್ಬ ಹುಡುಗಿಯನ್ನು ಪ್ರೀತಿಸುತ್ತಿದ್ದೇನೆ. ಅವಳು ಮೊದಲ ದಿನದಿಂದಲೂ ‘ಟಿಟಿಎಂಎಂ’, ಅಂದರೆ ಅವರವರ ಪಾಲು ಅವರವರೇ ಕೊಡೋಣ, ಅನ್ನುತ್ತಾಳೆ. ನನಗೆ ಅದು ಅವಮಾನ ಅನಿಸುತ್ತದೆ. ಹುಡುಗನೇ ಬಿಲ್ಲು ಕೊಡಬೇಕು ಅಂತ ಗೆಳೆಯರೂ ಹೇಳುತ್ತಾರೆ. ಹಾಗಾಗಿ ಎಲ್ಲಾ ಕಡೆ ನಾನೇ ಕೊಡುತ್ತೇನೆ. ಕಾನ್ಸರ್ಟಿನ ಎರಡು ಟಿಕೆಟ್ಟನ್ನು ‘ಪೇ ಲೇಟರ್’ ಆ್ಯಪ್‌ನಲ್ಲಿ ತೆಗೆದೆ. ಈಗ ಆ ಆ್ಯಪ್‌ಗೆ 11,200, ಇನ್ನೊಂದು ಆ್ಯಪ್‌ಗೆ 7,500, ರೂಮ್‌ಮೇಟ್‌ಗೆ 4,000 ಕೊಡಬೇಕು. ಒಟ್ಟು 22,700. ಇಷ್ಟೆಲ್ಲಾ ಮಾಡಿದರೂ ಅವಳು ಮೊದಲಿನಷ್ಟು ಮಾತಾಡುವುದಿಲ್ಲ. ಕಾನ್ಸರ್ಟಿಗೆ ಹೋಗಿದ್ದೇ ತಪ್ಪಾಯಿತಾ? ಇದನ್ನು ಅಪ್ಪನಿಗೆ ಹೇಳಲಾ, ಅವಳಿಗೆ ಹೇಳಲಾ? ಸಂಕ್ರಾಂತಿಗೆ ಊರಿಗೆ ಹೋಗುತ್ತಿದ್ದೇನೆ.

ಉತ್ತರ: ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ಅದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನೀನು ಅಂಕಿ ಬರೆದದ್ದು. ನಾನು 31 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಈಗ ಶನಿವಾರಗಳಲ್ಲಿ ಪುಣೆಗೆ ಓದಲು ಬಂದ ನಮ್ಮ ಹುಡುಗ ಹುಡುಗಿಯರ ಜೊತೆ ಕೂತು ದುಡ್ಡಿನ ಮಾತಾಡುತ್ತೇನೆ. ‘ಸ್ವಲ್ಪ ಸಾಲ ಆಗಿದೆ ಮೇಡಂ’ ಅಂತ ಬರುವವರೇ ಜಾಸ್ತಿ. ಆ ಸ್ವಲ್ಪ ಅಂದರೆ ಎಷ್ಟು ಅಂತ ಕೇಳಿದರೆ ನೆಲ ನೋಡುತ್ತಾರೆ. ಕೆಲವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಇನ್ನು ಕೆಲವರಿಗೆ ಗೊತ್ತಿರುತ್ತದೆ, ಬಾಯಿಂದ ಹೊರಗೆ ಬರುವುದಿಲ್ಲ. ನೀನು ಮೂರು ಕಡೆಯ ಸಾಲವನ್ನು ಕೂಡಿಸಿ ಬರೆದಿದ್ದೀಯ. ನನಗೆ ಪರಿಚಯ ಇಲ್ಲದ ಹುಡುಗ, ನನಗೆ ಹೇಳಿದೆ. ಇನ್ನು ಹೇಳಬೇಕಾದದ್ದು ನಿನ್ನವರಿಗೆ.

ಮೊದಲು ಕಾನ್ಸರ್ಟಿನ ವಿಷಯ ಮುಗಿಸಿಬಿಡೋಣ. ಹೋಗಿದ್ದು ತಪ್ಪಲ್ಲ. ಇಪ್ಪತ್ತು ವರ್ಷದ ಹುಡುಗ ಹಾಡು ಕೇಳಲು ಹೋಗದೆ ಇನ್ನೇನು ಮಾಡಬೇಕು? ನಮ್ಮ ಗದಗಿನ ಭೀಮಸೇನ ಜೋಶಿಯವರು ಹಾಡಿನ ಹುಚ್ಚಿಗೆ ಇನ್ನೂ ಹುಡುಗರಾಗಿದ್ದಾಗಲೇ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೋದವರು. ಕೊನೆಗೆ ಗುರು ಸಿಕ್ಕಿದ್ದು ಊರಿಗೆ ಹತ್ತಿರವೇ, ಕುಂದಗೋಳದ ಸವಾಯಿ ಗಂಧರ್ವರು. ಆ ಗುರುವಿನ ನೆನಪಿಗೆ 1953ರಲ್ಲಿ ಇದೇ ಪುಣೆಯಲ್ಲಿ ಅವರು ಉತ್ಸವ ಶುರು ಮಾಡಿದರು. ಡಿಸೆಂಬರ್ ಬಂತೆಂದರೆ ಈಗಲೂ ನಡೆಯುತ್ತದೆ. ನಾನು 1992ರಲ್ಲಿ ಪುಣೆಗೆ ಬಂದಾಗ ಅದು ರಾತ್ರಿಯಿಡೀ ನಡೆಯುತ್ತಿತ್ತು. ಶಾಲು ಹೊದ್ದುಕೊಂಡು, ಫ್ಲಾಸ್ಕಿನಲ್ಲಿ ಚಹಾ ತಂದುಕೊಂಡು ನೆಲದ ಮೇಲೆ ಕೂರುತ್ತಿದ್ದೆವು. ಪಕ್ಕದಲ್ಲಿ ಯಾವಾಗಲೂ ಕಾಲೇಜು ಹುಡುಗರ ಒಂದು ಗುಂಪು ಇರುತ್ತಿತ್ತು. ಬೆಳಗಿನ ಜಾವದ ರಾಗ ಶುರುವಾಗುವ ಹೊತ್ತಿಗೆ ಅವರಲ್ಲಿ ಅರ್ಧ ಜನ ಒಬ್ಬರ ಹೆಗಲ ಮೇಲೊಬ್ಬರು ಮಲಗಿರುತ್ತಿದ್ದರು. ಹಾಡಿಗಾಗಿ ನಿದ್ದೆ, ದುಡ್ಡು, ಸಮಯ ಕಳೆಯುವ ವಯಸ್ಸು ಅದು. ನಿನ್ನ ಹಾಡು ಬೇರೆ ತರಹದ್ದು, ಅಷ್ಟೇ.

ನಿನ್ನ ಕೈ ಸುಟ್ಟಿದ್ದು ಟಿಕೆಟ್ ಮಾರುವ ರೀತಿಯಿಂದ. ಉದಾಹರಣೆಗೆ, ಕೋಲ್ಡ್‌ಪ್ಲೇ ಎಂಬ ಇಂಗ್ಲಿಷ್ ಹಾಡಿನ ತಂಡ ನವಿ ಮುಂಬೈಯ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ಹಾಡಿದ್ದು 2025ರ ಜನವರಿ 18, 19 ಮತ್ತು 21ರಂದು. ಟಿಕೆಟ್ ಮಾರಾಟ ನಡೆದದ್ದು ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ. ಹಾಡು ನಾಲ್ಕು ತಿಂಗಳು ದೂರ ಇದೆ, ದುಡ್ಡು ಮಾತ್ರ ಇವತ್ತೇ ಬೇಕು. ಅದೂ ಆನ್‌ಲೈನ್ ಕ್ಯೂನಲ್ಲಿ, ನಿನ್ನ ಮುಂದೆ ಸಾವಿರಾರು ಜನ ಇದ್ದಾರೆ ಅಂತ ತೋರಿಸುತ್ತಾ. ಆ ಗಾಬರಿಯಲ್ಲಿ ಕೈ ‘ಈಗ ತಗೋ, ಆಮೇಲೆ ಕೊಡು’ ಅನ್ನುವ ಬಟನ್ನಿಗೇ ಹೋಗುತ್ತದೆ. ದೊಡ್ಡವರದೂ ಹೋಗುತ್ತದೆ. ಆದ್ದರಿಂದ ಮುಂದಿನ ಸಲಕ್ಕೆ ಒಂದೇ ದಾರಿ. ಯಾರು ಬರುತ್ತಾರೆ, ಯಾವಾಗ ಬರುತ್ತಾರೆ ಅಂತ ಗೊತ್ತಾಗುವ ಮೊದಲೇ ತಿಂಗಳಿಗೆ ಮುನ್ನೂರೋ ನಾನೂರೋ ಬೇರೆ ಖಾತೆಯಲ್ಲಿ ಇಡುತ್ತಾ ಹೋಗು. ಅದು ಹಾಡಿನ ದುಡ್ಡು. ಘೋಷಣೆ ಆದ ದಿನ ಅದರಲ್ಲಿ ಇದ್ದಷ್ಟಕ್ಕೆ ಟಿಕೆಟ್. ಈಗ ಮಾತ್ರ ಸಾಲ ತೀರುವ ತನಕ ಆ ಡಬ್ಬಿ ಖಾಲಿ ಇರಲಿ.

ಇನ್ನು ನಿನ್ನ ಪತ್ರದ ಒಂದು ಮಾತು. ಪ್ರೀತಿಯಿಂದ ಖರ್ಚಾಯಿತು ಅಂತ ನೀನು ನಂಬಿದ್ದೀಯ. ನನಗೆ ಅದರ ಬಗ್ಗೆ ಅನುಮಾನ ಇದೆ. ಯಾಕೆ ಅಂತ ಹೇಳುತ್ತೇನೆ.

ಹೋದ ವರ್ಷ ಧಾರವಾಡ ಕಡೆಯ ಒಬ್ಬ ಹುಡುಗ ಬಂದಿದ್ದ. ನಿನ್ನಂತೆಯೇ, ‘ಅವಳಿಗಾಗಿ ಮುಳುಗಿಹೋದೆ ಮೇಡಂ’ ಅಂದ. ನಾನು ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಹಿಂಬದಿ ಮೇಲೆ ಮಾಡಿ ಮೇಜಿನ ಮೇಲೆ ಹಾಸಿದೆ. ಮೂರು ಗೆರೆ ಎಳೆದೆ. ಒಬ್ಬನೇ ಇದ್ದಾಗ, ಅವಳ ಜೊತೆ ಇದ್ದಾಗ, ಗೆಳೆಯರ ಜೊತೆ ಇದ್ದಾಗ. ಅವನ ಫೋನಿನಲ್ಲಿ ಆ ತಿಂಗಳ ಯುಪಿಐ ಪಟ್ಟಿ ತೆಗೆಸಿದೆ. 128 ಸಲ ದುಡ್ಡು ಹೋಗಿತ್ತು. 10 ರೂಪಾಯಿಯ ರಸ್ತೆ ಬದಿ ಟಪರಿ ಚಹಾ. 20 ರೂಪಾಯಿ ವಡಾಪಾವ್. ರಾತ್ರಿ ಒಂದೂವರೆಗೆ ತರಿಸಿದ 649 ರೂಪಾಯಿ ಬಿರಿಯಾನಿ. ಲೋಣಾವಳಕ್ಕೆ ಬೈಕ್ ಪೆಟ್ರೋಲು. ಒಂದೊಂದನ್ನೂ ಓದಿ, ‘ಆಗ ಪಕ್ಕದಲ್ಲಿ ಯಾರಿದ್ದರು?’ ಅಂತ ಕೇಳುತ್ತಾ ಹೋದೆ. ಅವನೇ ಪೆನ್ನು ಹಿಡಿದು ಬರೆದ. ಮೊದಲು ಬೇಗ ಬೇಗ ಬರೆಯುತ್ತಿದ್ದವನು ಆಮೇಲೆ ನಿಧಾನ ಆದ. ಒಂದು ಗಂಟೆ ಆದ ಮೇಲೆ ಕೂಡಿಸಿದೆವು. ಒಬ್ಬನೇ ಇದ್ದಾಗ 2,140. ಅವಳ ಜೊತೆ 1,860. ಗೆಳೆಯರ ಜೊತೆ 5,900.

ಅವನು ಆ ಮೂರನೇ ಸಾಲನ್ನು ಮತ್ತೆ ಮತ್ತೆ ಕೂಡಿಸಿ ನೋಡಿದ. ಅಂಕಿ ಬದಲಾಗಲಿಲ್ಲ. ‘ಹುಡುಗಿ ಇದ್ದಾಳೆ, ಪಾರ್ಟಿ ಕೊಡು’ ಅಂತ ಕೊಟ್ಟ ಪಾರ್ಟಿ ಅದರಲ್ಲಿತ್ತು. ಅವಳ ಹುಟ್ಟುಹಬ್ಬಕ್ಕೆ ಅವಳು ಇಲ್ಲದೇ ಇದ್ದಾಗ ಎಂಟು ಜನ ತಿಂದದ್ದು ಅದರಲ್ಲಿತ್ತು. ಪ್ರೀತಿಯ ಲೆಕ್ಕಕ್ಕೆ ಬರೆದದ್ದರಲ್ಲಿ ದೊಡ್ಡ ಪಾಲು, ತಾನು ಪ್ರೀತಿಸುತ್ತಿದ್ದೇನೆ ಅಂತ ಗೆಳೆಯರಿಗೆ ತೋರಿಸಲು ಹೋಗಿತ್ತು. ಆ ಹುಡುಗಿಗೆ ಇದ್ಯಾವುದೂ ಗೊತ್ತೇ ಇರಲಿಲ್ಲ.

ನಿನ್ನದೂ ಹಾಗೇ ಇರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಊರಿಗೆ ಬಸ್ ಹತ್ತುವ ಮೊದಲು ಈ ಕೆಲಸ ಮಾಡು. ಕೈಯಲ್ಲೇ ಬರೆ. ಫೋನಿನಲ್ಲಿ ಸ್ಕ್ರಾಲ್ ಮಾಡಿದರೆ ಎಲ್ಲಾ ಅಂಕಿಯೂ ಒಂದೇ ತರಹ ಕಾಣುತ್ತದೆ. ಏನು ಕೊಂಡೆ ಅಂತ ಬರೆಯುವುದಕ್ಕಿಂತ ಯಾರ ಮುಂದೆ ಕೊಂಡೆ ಅಂತ ಬರೆ. ಬ್ಯಾಂಕಿನಲ್ಲಿ ಇದನ್ನು ನನಗೆ ಯಾರೂ ಕಲಿಸಲಿಲ್ಲ. ಹುಡುಗರ ಜೊತೆ ಕೂತು ಕೂತು ಗೊತ್ತಾದದ್ದು.

ಈಗ ಟಿಟಿಎಂಎಂಗೆ ಬರೋಣ. ಊರಲ್ಲಿರುವ ಓದುಗರಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ‘ತುಝಂ ತೂ, ಮಾಝಂ ಮೀ’ ಅನ್ನುವ ಮರಾಠಿ ಮಾತಿನ ಗಿಡ್ಡ ರೂಪ. ನಿನ್ನದು ನೀನು ಕೊಡು, ನನ್ನದು ನಾನು ಕೊಡುತ್ತೇನೆ ಅಂತ. ಪುಣೆಯ ಕಾಲೇಜು ಕಟ್ಟಾಗಳಲ್ಲಿ ದಿನಕ್ಕೆ ನೂರು ಸಲ ಕೇಳಿಸುತ್ತದೆ. ಕಟ್ಟಾ ಅಂದರೆ ನಮ್ಮ ಊರಿನ ಕಟ್ಟೆಯೇ ಅಂತ ಇಟ್ಟುಕೋ, ಕೆಲಸವೂ ಅದೇ.

ನಿನಗೆ ಇದು ಯಾಕೆ ಅವಮಾನ ಅನಿಸಿತು ಅನ್ನುವುದು ನನಗೆ ಅರ್ಥ ಆಗುತ್ತದೆ. ನಮ್ಮ ಕಡೆ ಮನೆಗೆ ಬಂದವರು ಚಹಾದ ದುಡ್ಡು ಕೊಡಲು ಬಂದರೆ ಕೈ ಹಿಡಿದು ನಿಲ್ಲಿಸುತ್ತೇವೆ. ಹೋಟೆಲಿನ ಗಲ್ಲಾದ ಮುಂದೆ ಇಬ್ಬರು ಹಿರಿಯರು ‘ನಾ ಕೊಡ್ತೀನಿ, ನಾ ಕೊಡ್ತೀನಿ’ ಅಂತ ಜಗ್ಗಾಡುವುದನ್ನು ನೋಡಿ ಬೆಳೆದವನು ನೀನು. ಆದರೆ ಅದೇ ಹೋಟೆಲಿನಲ್ಲಿ ವನ್ ಬೈ ಟೂ ಚಹಾ ಕುಡಿದವರೂ ನಾವೇ ಅಲ್ವಾ? ಒಂದು ಕಪ್ಪನ್ನು ಇಬ್ಬರು ಹಂಚಿಕೊಂಡರೆ ಯಾರಿಗೂ ಅವಮಾನ ಆಗಲಿಲ್ಲ. ಬಿಲ್ಲನ್ನು ಹಂಚಿಕೊಂಡರೆ ಯಾಕೆ ಆಗಬೇಕು?

ಆ ಹುಡುಗಿಯ ಕಡೆಯಿಂದ ಸ್ವಲ್ಪ ಯೋಚಿಸು. ಅವಳು ಮೊದಲ ದಿನವೇ ತನ್ನ ಪಾಲು ಕೊಡುತ್ತೇನೆ ಅಂದಳು. ನಿನ್ನನ್ನು ದೂರ ಇಡಲು ಹಾಗೆ ಅಂದಳು ಅಂತ ನೀನು ತಿಳಿದೆ. ನನಗೆ ಕೇಳಿಸುವುದು ಬೇರೆ. ‘ನಾಳೆಯೂ ಬರುತ್ತೇನೆ, ನಾಡಿದ್ದೂ ಬರುತ್ತೇನೆ, ಆದರೆ ಯಾರ ಋಣವೂ ಬೇಡ’ ಅಂತ. ಬಹಳ ಹುಡುಗಿಯರು ನನ್ನ ಹತ್ತಿರ ಹೇಳಿದ್ದಾರೆ. ಒಬ್ಬ ಹುಡುಗ ಮೂರು ಸಲ ಬಿಲ್ಲು ಕೊಟ್ಟರೆ ನಾಲ್ಕನೇ ಸಲ ಬರುವುದಿಲ್ಲ ಅನ್ನುವುದು ಕಷ್ಟ ಆಗುತ್ತದೆ. ಬೇಡ ಅನಿಸಿದ ದಿನ ಬೇಡ ಅನ್ನುವ ಸ್ವಾತಂತ್ರ್ಯ ತನ್ನ ಹತ್ತಿರ ಇರಲಿ ಅಂತ ತಮ್ಮ ಪಾಲು ತಾವು ಕೊಡುತ್ತಾರೆ. ನೀನು ಪ್ರತಿ ಸಲವೂ ಅವಳ ಕೈ ತಳ್ಳಿದೆ. ಅವಳ ಹತ್ತಿರ ಎಷ್ಟಿದೆ, ಅವಳಿಗೆ ಎಷ್ಟು ದುಬಾರಿಯ ಜಾಗ ಸರಿಹೋಗುತ್ತದೆ ಅಂತ ಒಂದು ಸಲವೂ ಕೇಳಲಿಲ್ಲ. ಜಾಗ ನೀನೇ ಆರಿಸಿದೆ, ಬಿಲ್ಲು ನೀನೇ ಕೊಟ್ಟೆ. ಅವಳಿಗೆ ಉಳಿದದ್ದು ಎದುರು ಕೂತು ಥ್ಯಾಂಕ್ಸ್ ಹೇಳುವ ಕೆಲಸ.

‘ಇಷ್ಟೆಲ್ಲಾ ಮಾಡಿದರೂ ಅವಳು ಮೊದಲಿನಷ್ಟು ಮಾತಾಡುವುದಿಲ್ಲ’ ಅಂತ ಬರೆದಿದ್ದೀಯಲ್ಲ, ಆ ಸಾಲು ಓದಿ ನನಗೆ ಬೇಜಾರಾಯಿತು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ತಪ್ಪು ತಿಳಿಯಬೇಡ. ಬಿಲ್ಲು ಕೊಟ್ಟದ್ದಕ್ಕೆ ಮಾತು ಬರಬೇಕು ಅಂತ ಯಾವ ಲೆಕ್ಕದಲ್ಲೂ ಇಲ್ಲ. ಟಿಕೆಟ್ಟಿಗೆ ಐದು ಸಾವಿರ ಕೊಟ್ಟರೆ ಸೀಟು ಸಿಗುತ್ತದೆ. ಪಕ್ಕದಲ್ಲಿ ಕೂತವಳ ಮನಸ್ಸು ಆ ಬೆಲೆಯಲ್ಲಿ ಸೇರಿರುವುದಿಲ್ಲ. ನಿನ್ನ ತಲೆಯಲ್ಲಿ ಒಂದು ಖಾತೆಪುಸ್ತಕ ನಡೆಯುತ್ತಿದೆ. ಅದರಲ್ಲಿ ಅವಳ ಹೆಸರಿನ ಮುಂದೆ ಬಾಕಿ ಬೆಳೆಯುತ್ತಿದೆ. ಅವಳಿಗೆ ಆ ಪುಸ್ತಕ ಕಾಣದಿದ್ದರೂ ನಿನ್ನ ಮುಖದಲ್ಲಿ ಗೊತ್ತಾಗುತ್ತದೆ. ಮಾತು ಕಡಿಮೆ ಆಗಿದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಪರೀಕ್ಷೆಯೂ ಇರಬಹುದು, ಮನೆಯ ಚಿಂತೆಯೂ ಇರಬಹುದು. ಅಥವಾ ಅವಳ ಮನಸ್ಸೇ ಬದಲಾಗಿರಬಹುದು. ಹಾಗಿದ್ದರೆ ಅದೂ ಅವಳ ಹಕ್ಕು. ಆ ಖಾತೆಪುಸ್ತಕವನ್ನು ಇವತ್ತೇ ಮುಚ್ಚು. ಅವಳು ನಿನಗೆ ಏನೂ ಕೊಡಬೇಕಾಗಿಲ್ಲ.

ಗುಟ್ಟಿನ ಸಾಲ ಮನುಷ್ಯನನ್ನು ಏನು ಮಾಡುತ್ತದೆ ಅಂತ ನನಗೆ ಸ್ವಂತ ಅನುಭವ ಇದೆ. ಪುಣೆಗೆ ಬಂದ ಹೊಸದು. ಸಹೋದ್ಯೋಗಿಯ ಮದುವೆಗೆ ಉಡಲು ನನ್ನ ಹತ್ತಿರ ಒಳ್ಳೆಯ ರೇಷ್ಮೆ ಸೀರೆ ಇರಲಿಲ್ಲ. ಇನ್ನೊಬ್ಬ ಗೆಳತಿಯಿಂದ 600 ರೂಪಾಯಿ ಸಾಲ ಮಾಡಿ ಲಕ್ಷ್ಮೀ ರೋಡಿನಲ್ಲಿ ಕೊಂಡೆ. ಮನೆಯವರಿಗೆ ಅದು ತವರಿನಿಂದ ಬಂದದ್ದು ಅಂದುಬಿಟ್ಟೆ. ಆ ಸಾಲ ತೀರಿಸಲು ಐದು ತಿಂಗಳು ಬೇಕಾಯಿತು. ಆ ಐದು ತಿಂಗಳು ಅವರು ಪ್ರೀತಿಯಿಂದ ‘ಏನಾದರೂ ಬೇಕಾ?’ ಅಂತ ಕೇಳಿದರೂ ನನಗೆ ಸಿಟ್ಟು ಬರುತ್ತಿತ್ತು. ತವರಿನಿಂದ ಅಣ್ಣ ಬಂದಾಗ ಸೀರೆಯ ಮಾತು ಎಲ್ಲಿ ಬರುತ್ತದೋ ಅಂತ ಊಟ ಬಡಿಸುವಾಗ ಕೈ ನಡುಗಿತ್ತು. ಆ ಸೀರೆಯನ್ನು ಎರಡನೇ ಸಲ ಉಡಲು ನನಗೆ ಮನಸ್ಸೇ ಬರಲಿಲ್ಲ. ಕೊನೆಗೆ ಒಂದು ರಾತ್ರಿ ಅವರಿಗೆ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆರುನೂರಾ? ನಾನು ಏನೋ ದೊಡ್ಡ ವಿಷಯ ಇದೆ ಅಂತ ಐದು ತಿಂಗಳಿಂದ ಹೆದರಿದ್ದೆ’ ಅಂದರು. ನನ್ನ ಮುಖ ಅವರಿಗೆ ಅಷ್ಟೂ ದಿನ ಬೇರೆ ಏನನ್ನೋ ಹೇಳಿತ್ತು.

ಅದಕ್ಕೇ ಹೇಳುತ್ತೇನೆ, ಅವಳಿಗೂ ಅಂಕಿ ಹೇಳು. ಆದರೆ ಕೆಫೆಯಲ್ಲಿ ಹೇಳಬೇಡ. ಬಿಲ್ಲು ಬರುವ ಜಾಗದಲ್ಲಿ ಹೇಳಿದರೆ ಅವಳು ಪರ್ಸ್ ತೆಗೆಯಬೇಕಾಗುತ್ತದೆ. ಸಂಜೆ ಐದಕ್ಕೆ ಹನುಮಾನ್ ಟೇಕಡಿ ಗುಡ್ಡ ಹತ್ತಿ, ಕತ್ತಲಾಗುವ ಮೊದಲು ಇಳಿಯಿರಿ. ಇಲ್ಲವೇ ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರಕ್ಕೆ ಹೋಗಿ. ಎಂಟನೇ ಶತಮಾನದಲ್ಲಿ, ನಮ್ಮ ರಾಷ್ಟ್ರಕೂಟರ ಕಾಲದಲ್ಲಿ, ಒಂದೇ ಬಂಡೆಯಲ್ಲಿ ಕೊರೆದ ಗುಡಿ ಅದು. ಊರಿನ ನಟ್ಟನಡುವೆ ಇದ್ದರೂ ಒಳಗೆ ತಂಪು, ಸದ್ದಿಲ್ಲ. ಅಲ್ಲಿ ಕೂತು ನೇರವಾಗಿ ಹೇಳು. ‘ನನಗೆ 22,700 ಸಾಲ ಆಗಿದೆ. ಅದರಲ್ಲಿ ಕಾನ್ಸರ್ಟಿನದೂ ಇದೆ. ನೀನು ನಿನ್ನ ಪಾಲು ಕೊಡುತ್ತೇನೆ ಅಂದಾಗ ನಾನು ಕೇಳಬೇಕಿತ್ತು. ಇನ್ನು ಮುಂದೆ ಟಿಟಿಎಂಎಂ. ಹಳೆಯದಕ್ಕೆ ನೀನು ಏನೂ ಕೊಡುವುದು ಬೇಡ.’ ಇಷ್ಟೇ ಸಾಕು. ಅಳುವುದು ಬೇಡ, ‘ನಿನಗೋಸ್ಕರ’ ಅನ್ನುವ ಪದ ಬೇಡವೇ ಬೇಡ. ಆ ಪದ ಹೇಳಿದ ಕೂಡಲೇ ಸಾಲದ ಅರ್ಧ ಭಾರ ಅವಳ ತಲೆ ಮೇಲೆ ಹೋಗುತ್ತದೆ. ಅವಳಿಗೆ ಸಿಟ್ಟು ಬಂದರೆ ಬರಲಿ, ಕೇಳಿಸಿಕೋ. ಹೇಳದೇ ಮಾಡಿದ್ದಕ್ಕೆ ಸಿಟ್ಟು ಬರುವುದು ಸಹಜ.

ಆದರೆ ಇದಕ್ಕೂ ಮೊದಲು ಹೇಳಬೇಕಾದದ್ದು ಅಪ್ಪನಿಗೆ. ಯಾಕೆಂದರೆ ಅವಳ ಜೊತೆಗಿನ ಮಾತು ಒಂದು ವಾರ ಕಾಯುತ್ತದೆ, ಬಡ್ಡಿ ಕಾಯುವುದಿಲ್ಲ.

ಪೇ ಲೇಟರ್ ಆ್ಯಪ್‌ಗಳಲ್ಲಿ ಮೊದಲ ಕಂತುಗಳಿಗೆ ಬಡ್ಡಿ ಇಲ್ಲ ಅಂತ ಇರುತ್ತದೆ. ತಾರೀಕು ತಪ್ಪಿದ ಮೇಲೆ ದಂಡ, ಬಡ್ಡಿ ಎರಡೂ ಶುರು. ನಿನ್ನ ಎರಡು ಆ್ಯಪ್‌ಗಳ ದರ ಎಷ್ಟು ಅನ್ನುವುದು ಸಾಲ ಕೊಡುವಾಗ ಕಳಿಸಿದ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಹಾಳೆಯಲ್ಲಿ ಇರಬೇಕು. ಅದನ್ನು ಕೊಡುವುದು ರಿಸರ್ವ್ ಬ್ಯಾಂಕಿನ ನಿಯಮ. ಅದರಲ್ಲಿ ವರ್ಷದ ಒಟ್ಟು ದರ ನೋಡು. ಕ್ರೆಡಿಟ್ ಕಾರ್ಡಿನಲ್ಲಿ ಸಾಮಾನ್ಯವಾಗಿ ತಿಂಗಳಿಗೆ ಶೇಕಡಾ 3.5ರ ಆಸುಪಾಸು ಬೀಳುತ್ತದೆ. ಕೇಳಲು ಚಿಕ್ಕದು. ವರ್ಷಕ್ಕೆ 42ರ ಆಸುಪಾಸು ಆಯಿತು. ನಿಮ್ಮಪ್ಪ ಸಹಕಾರಿ ಸಂಘದಲ್ಲಿ ಬೆಳೆಸಾಲ ತೆಗೆದಿದ್ದರೆ, ಕರ್ನಾಟಕದಲ್ಲಿ 5 ಲಕ್ಷದವರೆಗಿನ ಅಲ್ಪಾವಧಿ ಸಾಲ ಸಮಯಕ್ಕೆ ಕಟ್ಟಿದರೆ ಬಡ್ಡಿಯೇ ಇಲ್ಲ. ದ್ರಾಕ್ಷಿ ಬೆಳೆಯಲು ಅಪ್ಪನಿಗೆ ಸೊನ್ನೆ ಬಡ್ಡಿ. ಒಂದು ಸಂಜೆಗೆ ಮಗನಿಗೆ ಇಷ್ಟು. ಈ ಎರಡು ಅಂಕಿಯನ್ನು ಅಕ್ಕಪಕ್ಕ ಬರೆದು ನೋಡು.

ಒಂದು ವೇಳೆ ಆ್ಯಪ್ ಕಡೆಯವರು ಫೋನ್ ಮಾಡಿ ಹೆದರಿಸಿದರೆ ಇದು ಗೊತ್ತಿರಲಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ. ನಿನ್ನ ಫೋನಿನ ಕಾಂಟ್ಯಾಕ್ಟ್, ಫೋಟೋ, ಕಾಲ್ ಪಟ್ಟಿಗೆ ಆ್ಯಪ್ ಕೈ ಹಾಕುವ ಹಾಗಿಲ್ಲ. ಮನೆಯವರಿಗೆ, ಗೆಳೆಯರಿಗೆ ಫೋನ್ ಮಾಡಿ ಮಾನ ತೆಗೆಯುತ್ತೇವೆ ಅಂದರೆ ಅದು ನಿಯಮಕ್ಕೆ ವಿರುದ್ಧ. ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ದೂರು ಕೇಳುವ ಅಧಿಕಾರಿ) ಸಹಾಯವಾಣಿ 14448. ನೋಂದಣಿಯೇ ಇಲ್ಲದ ಖೊಟ್ಟಿ ಆ್ಯಪ್ ಆಗಿದ್ದರೆ ಅಥವಾ ಫೋಟೋ ತಿದ್ದಿ ಹೆದರಿಸಿದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ತಡ ಮಾಡಬೇಡ. ಇನ್ನೊಂದು ಮುಖ್ಯ ಮಾತು. ಈ ಸಾಲ ತೀರಿಸಲು ಮೂರನೇ ಆ್ಯಪ್ ಹಾಕಿಕೊಳ್ಳಬೇಡ. ನನ್ನ ಹತ್ತಿರ ಬರುವವರಲ್ಲಿ ಲಕ್ಷ ದಾಟಿದವರೆಲ್ಲ ದಾಟಿದ್ದು ಹೀಗೆಯೇ. ಕಂತು ತಪ್ಪಿದ್ದು ನಿನ್ನ ಸಿಬಿಲ್ ವರದಿಯಲ್ಲೂ ಬೀಳುತ್ತದೆ. ಮುಂದೆ ಎಂಬಿಎಗೆ ಸಾಲ ಕೇಳುವಾಗ ಬ್ಯಾಂಕಿನವರು ಮೊದಲು ನೋಡುವುದು ಅದನ್ನೇ. ಆ ಕುರ್ಚಿಯಲ್ಲಿ ಕೂತು ನಾನೇ ನೋಡುತ್ತಿದ್ದೆ.

ಈಗ ಲೆಕ್ಕ. ರೂಮು, ಮೆಸ್ಸು ಹೋಗಿ ನಿನಗೆ 5,400 ಉಳಿಯುತ್ತದೆ. ತುಂಬಾ ಬಿಗಿ ಹಿಡಿದರೆ ತಿಂಗಳಿಗೆ 2,500 ತೆಗೆಯಬಹುದು. ಬಡ್ಡಿ ಬಿಟ್ಟರೂ ಒಂಬತ್ತು ತಿಂಗಳಿಗಿಂತ ಜಾಸ್ತಿ ಬೇಕು. ಬಡ್ಡಿ ಸೇರಿದರೆ ಇನ್ನೂ ಮುಂದೆ. ಹಾಗಾಗಿ ಆ್ಯಪ್‌ಗಳ 18,700 ಅನ್ನು ಒಂದೇ ಸಲ ತೀರಿಸಬೇಕು. ಅದನ್ನು ಅಪ್ಪನ ಹತ್ತಿರ ಸಾಲವಾಗಿ ಕೇಳು. ಹಾಗೆ ಕೊಡು ಅನ್ನಬೇಡ. ‘ತಿಂಗಳಾ ಕಳಿಸೂದ್ರಾಗ ಒಂದೂವರಿ ಸಾವಿರ ಮುರಕೊಂಡ ಕಳಸ್ರಿ’ ಅನ್ನು. ಹನ್ನೆರಡೂವರೆ ತಿಂಗಳಿಗೆ ತೀರುತ್ತದೆ. ಆಗಲೂ ನಿನಗೆ ಕೈಗೆ 3,900 ಸಿಗುತ್ತದೆ. ರೂಮ್‌ಮೇಟ್ ಜೊತೆ ಕೂತು ಮಾತಾಡು. ತಿಂಗಳಿಗೆ ಸಾವಿರದಂತೆ ನಾಲ್ಕು ತಿಂಗಳು ಅಂತ ತಾರೀಕು ಹಾಕಿ ಒಪ್ಪಿಸು. ದಿನಾ ಒಂದೇ ಕೋಣೆಯಲ್ಲಿ ಮಲಗುವವನ ಸಾಲ ಬಡ್ಡಿ ಇಲ್ಲದಿದ್ದರೂ ಭಾರ ಜಾಸ್ತಿ.

ಅಪ್ಪನಿಗೆ ಫೋನಿನಲ್ಲಿ ಹೇಳಬೇಡ, ಮೆಸೇಜಿನಲ್ಲಂತೂ ಬೇಡ. ಸಂಕ್ರಾಂತಿಗೆ ಹೋಗುತ್ತಿದ್ದೀಯ, ಒಳ್ಳೆಯದಾಯಿತು. ಭೋಗಿಯ ದಿನ ಬೇಡ, ಅವ್ವ ಸಜ್ಜಿ ರೊಟ್ಟಿ ಮಾಡಿರುತ್ತಾಳೆ, ಎಲ್ಲರೂ ಖುಷಿಯಲ್ಲಿ ಉಣ್ಣಲಿ. ಹಬ್ಬದ ಮರುದಿನ ಬೆಳಿಗ್ಗೆ ಅಪ್ಪನ ಜೊತೆ ತೋಟಕ್ಕೆ ಹೋಗು. ಸಾಲಿನ ನಡುವೆ ನಡೆಯುವಾಗ ಹೇಳುವುದು ಸುಲಭ, ಮುಖ ನೋಡಬೇಕಾಗಿಲ್ಲ. ಮೊದಲ ವಾಕ್ಯದಲ್ಲೇ ಅಂಕಿ ಬರಲಿ. ‘ಅಪ್ಪಾ, ಇಪ್ಪತ್ತೆರಡು ಸಾವಿರದ ಏಳನೂರ ಸಾಲ ಮಾಡೀನಿ. ತಪ್ಪಾಗೇತಿ.’ ಆಮೇಲೆ ಯಾಕೆ, ಹೇಗೆ ಅಂತ ಹೇಳು. ಹಿಂದುಮುಂದು ಮಾತಾಡಿ ಕೊನೆಗೆ ಅಂಕಿಗೆ ಬಂದರೆ, ಅಷ್ಟರಲ್ಲಿ ಅವರ ತಲೆಯಲ್ಲಿ ಎರಡು ಲಕ್ಷ ಓಡಿರುತ್ತದೆ.

ಒಂದು ತಿಳಿದಿರಲಿ. ಜನವರಿಯಲ್ಲಿ ಅಪ್ಪನ ಕೈಯಲ್ಲಿ ದುಡ್ಡು ಇರುವುದಿಲ್ಲ. ದ್ರಾಕ್ಷಿ ಇನ್ನೂ ಬಳ್ಳಿಯಲ್ಲೇ ಇರುತ್ತದೆ. ಕಟಾವಾಗಿ, ಶೆಡ್ಡಿನಲ್ಲಿ ಒಣಗಿ, ಒಣದ್ರಾಕ್ಷಿ ತಾಸಗಾಂವಿಗೋ ಸಾಂಗಲಿಗೋ ಹೋಗಿ ಮಾರಿ ದುಡ್ಡು ಬರಲು ಬೇಸಿಗೆ ಆಗುತ್ತದೆ. ಆದ್ದರಿಂದ ಅವರು ಸಿಟ್ಟಿಗೆದ್ದರೆ ಅದರಲ್ಲಿ ಅರ್ಧ ಸಿಟ್ಟು ಕೈ ಖಾಲಿ ಇರುವುದಕ್ಕೆ. ಎದುರು ಮಾತಾಡಬೇಡ. ಪೂರ್ತಿ ಕೊಡಲು ಆಗದಿದ್ದರೆ ಮೊದಲು 11,200ರದ್ದನ್ನೋ 7,500ರದ್ದನ್ನೋ, ಯಾವುದರ ಬಡ್ಡಿ ಜಾಸ್ತಿ ಇದೆಯೋ ಅದನ್ನು ತೀರಿಸಲಿ. ಎರಡೂ ದರವನ್ನು ಹಾಳೆಯಲ್ಲಿ ಬರೆದುಕೊಂಡು ಹೋಗಿರು. ಸಾಲ ಕಂಡ ರೈತನಿಗೆ ಬಡ್ಡಿ ಲೆಕ್ಕ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಿನಗಿಂತ ಚೆನ್ನಾಗಿ ದಾರಿ ಹುಡುಕುತ್ತಾರೆ.

ಹುಡುಗಿಯ ವಿಷಯ ಹೇಳಲಾ ಅಂತ ನೀನು ಕೇಳಿಲ್ಲ. ಆದರೆ ಅದೇ ನಿನ್ನನ್ನು ಕೊರೆಯುತ್ತಿರಬೇಕು. ನನ್ನ ಅಭಿಪ್ರಾಯ ಇದು. ಸಾಲ ಅಪ್ಪನ ಮೇಲೆ ಬೀಳುತ್ತದೆ, ಆದ್ದರಿಂದ ಅದನ್ನು ತಿಳಿಯುವ ಹಕ್ಕು ಅವರಿಗಿದೆ. ಪ್ರೀತಿ ನೀವಿಬ್ಬರೂ ಇನ್ನೂ ಅರ್ಥ ಮಾಡಿಕೊಳ್ಳುತ್ತಿರುವ ವಿಷಯ. ಅವಳನ್ನು ಕೇಳದೆ ಅವಳ ಹೆಸರನ್ನು ತೋಟದಲ್ಲಿ ಹೇಳುವುದು ಸರಿಯಲ್ಲ. ಆದರೆ ಸುಳ್ಳೂ ಬೇಡ. ‘ಪ್ರಾಜೆಕ್ಟ್ ಫೀ’ ಅಂತಲೋ ‘ಪುಸ್ತಕ’ ಅಂತಲೋ ಹೇಳಿದರೆ ಮುಂದಿನ ವರ್ಷ ನಿಜವಾದ ಪ್ರಾಜೆಕ್ಟ್ ಫೀ ಕೇಳುವಾಗ ಮಾತು ಬರುವುದಿಲ್ಲ. ‘ಹಾಡಿನ ಕಾರ್ಯಕ್ರಮಕ್ಕ ಹೋಗಿದ್ನಿ, ಎರಡ್ ಟಿಕೆಟ್ ತಗೊಂಡಿದ್ನಿ’ ಅನ್ನು. ಇನ್ನೊಂದು ಯಾರಿಗೆ ಅಂತ ಕೇಳಿದರೆ, ‘ಕ್ಲಾಸಿನ ಗೆಳತಿಗೆ’ ಅನ್ನು. ಅಪ್ಪಂದಿರು ಅಷ್ಟರಲ್ಲೇ ಅರ್ಥ ಮಾಡಿಕೊಳ್ಳುತ್ತಾರೆ. ಮುಂದೆ ಕೇಳುವುದು ಬಿಡುವುದು ಅವರಿಗೆ ಬಿಟ್ಟದ್ದು.

ತಿರುಗಿ ಬಂದ ಮೇಲೆ ಕಾಲೇಜಿನ ಆಫೀಸಿನಲ್ಲಿ ವಿದ್ಯಾರ್ಥಿ ವಿಕಾಸ ವಿಭಾಗಕ್ಕೆ ಹೋಗಿ ‘ಕಮವಾ ವ ಶಿಕಾ’ ಯೋಜನೆ ಇದೆಯಾ ಅಂತ ವಿಚಾರಿಸು. ಗಳಿಸು, ಕಲಿ ಅಂತ ಅರ್ಥ. ಪುಣೆ ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳಲ್ಲಿ ಕರ್ಮವೀರ ಭಾವುರಾವ್ ಪಾಟೀಲರ ಹೆಸರಿನಲ್ಲಿ ನಡೆಯುತ್ತದೆ. ಲೈಬ್ರರಿ, ಆಫೀಸು, ಲ್ಯಾಬಿನಲ್ಲಿ ದಿನಕ್ಕೆ ಸ್ವಲ್ಪ ಗಂಟೆ ಕೆಲಸ ಕೊಡುತ್ತಾರೆ. ದೊಡ್ಡ ದುಡ್ಡಲ್ಲ. ಆದರೆ ಅದು ನಿನ್ನದು. ಆ ದುಡ್ಡಿನಲ್ಲಿ ಅವಳಿಗೆ ಒಂದು ದಿನ ಚಹಾ ಕುಡಿಸಬೇಕು ಅನಿಸಿದರೆ, ಅವಳೂ ಬೇಡ ಅನ್ನಲಿಕ್ಕಿಲ್ಲ. ಮೆಟ್ರೋದಲ್ಲಿ ವಿದ್ಯಾರ್ಥಿಗಳಿಗೆ ಶೇಕಡಾ 30 ರಿಯಾಯಿತಿ ಇದೆ, ಆ ಕಾರ್ಡು ಇನ್ನೂ ಮಾಡಿಸಿರದಿದ್ದರೆ ಮಾಡಿಸು.

ಮೆಸ್ಸಿನ ಲೆಕ್ಕ ಒಂದು ಬಾಕಿ ಇದೆ. 3,600ಕ್ಕೆ ಎರಡು ಹೊತ್ತಿನಂತೆ ತಿಂಗಳಿಗೆ 60 ಊಟ. ಒಂದು ಊಟಕ್ಕೆ 60 ರೂಪಾಯಿ ಮೊದಲೇ ಕೊಟ್ಟಾಗಿದೆ. ಹೊರಗೆ 220ರ ಊಟ ಮಾಡಿದ ದಿನ ನಿನಗೆ ನಿಜವಾಗಿ ಬಿದ್ದದ್ದು 280. ಆದ್ದರಿಂದ ಹೊರಗೆ ಹೋಗುವುದಿದ್ದರೆ ಮೊದಲೇ ಗೊತ್ತಿರಲಿ, ಮೆಸ್ ನಡೆಸುವ ಕಾಕೂಗೆ ಹೇಳಿ ಖಾಡಾ ಹಾಕಿಸು, ಅಂದರೆ ಆ ಹೊತ್ತು ಊಟಕ್ಕೆ ಬರುವುದಿಲ್ಲ ಅಂತ ಬರೆಸು. ಹೆಚ್ಚಿನ ಮೆಸ್ಸುಗಳಲ್ಲಿ ಹಿಂದಿನ ದಿನವೇ ಹೇಳಿದರೆ ಆ ಊಟದ ದುಡ್ಡು ಮುರಿಯುತ್ತಾರೆ. ಸಂಕ್ರಾಂತಿಗೆ ನಾಲ್ಕು ದಿನ ಊರಿಗೆ ಹೋದರೆ ಎಂಟು ಊಟ, 480 ರೂಪಾಯಿ. ಬಸ್ಸಿನ ಟಿಕೆಟ್ ತೆಗೆಯುವ ದಿನವೇ ಕಾಕೂಗೆ ತಾರೀಕು ಬರೆದು ಕೊಡು.